ಸಣ್ಣ ಸರ್ಕಾರಿ ಸಾಲಿಗೆ ಮಕ್ಕಳನ್ನು ಹಾಕಿದವರು ಯಾಕೆ ಹಾಕಿದಿರಿ? ನಮ್ಮದು ಹೇಳುತ್ತೇನೆ, ನಿಮ್ಮದೂ ಬರೆಯಿರಿ

ಧಾರವಾಡ ಪಾಲಕಿ

ಏಪ್ರಿಲ್ ಬಂತು ಅಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಒಂದೇ ಮಾತು. ಯಾವ ಸ್ಕೂಲ್ ಚಲೋ, ಡೊನೇಷನ್ ಎಷ್ಟು, ವ್ಯಾನ್ ನಮ್ಮ ಓಣಿಗೆ ಬರುತ್ತಾ. ನಮ್ಮ ಮನೆಯಲ್ಲೂ ಇದೇ ನಡೆದಿತ್ತು. ಈಗ ಮಗಳು ಮೂರನೇ ತರಗತಿ. ಓದುತ್ತಿರುವುದು ಧಾರವಾಡದ ಹೊರಗಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಐದರವರೆಗೆ ಎಲ್ಲಾ ಸೇರಿ ನಲವತ್ತರ ಆಸುಪಾಸು ಮಕ್ಕಳು, ಎರಡು ಕೋಣೆ, ಇಬ್ಬರು ಟೀಚರ್. ಸಂಬಂಧಿಕರು, ಓಣಿಯವರು, ಜೊತೆಗೆ ಕೆಲಸ ಮಾಡುವವರು ಕೇಳುವುದು ಒಂದೇ, "ನಿಮಗೇನು ಕಡಿಮೆ ಆಗಿತ್ತು ಅಂತ ಅಲ್ಲಿಗೆ ಹಾಕಿದಿರಿ?" ಪ್ರತಿ ಮದುವೆ ಮುಂಜಿಯಲ್ಲೂ ನಿಂತು ಉತ್ತರ ಹೇಳುವ ಬದಲು ಇಲ್ಲೇ ಒಮ್ಮೆ ಬರೆಯುತ್ತೇನೆ.

ಮೊದಲು ಮಗಳು ದೊಡ್ಡ ಖಾಸಗಿ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಯುಕೆಜಿ ಓದುತ್ತಿದ್ದಳು. ಹೆಸರು ಬೇಡ. ಒಂದು ಸೆಕ್ಷನ್ನಿಗೆ ಐವತ್ತಕ್ಕಿಂತ ಜಾಸ್ತಿ ಮಕ್ಕಳು. ಟೀಚರ್ ಕೆಟ್ಟವರಲ್ಲ, ಅವರಿಗೂ ಆ ಗದ್ದಲದಲ್ಲಿ ಉಸಿರಾಡಲು ಪುರುಸೊತ್ತು ಇರಲಿಲ್ಲ. ಡೈರಿಯಲ್ಲಿ ಬರುತ್ತಿದ್ದದ್ದು ಎರಡೇ ಥರದ ಸಾಲು, ಹೋಂವರ್ಕ್ ಅರ್ಧ ಆಗಿದೆ, ಇಲ್ಲವೇ ಕ್ಲಾಸಿನಲ್ಲಿ ಕನ್ನಡ ಮಾತಾಡುತ್ತಾಳೆ. ಮಗಳು ಬೆಳಿಗ್ಗೆ ಯೂನಿಫಾರ್ಮ್ ನೋಡಿದರೆ ಹೊಟ್ಟೆನೋವು ಅನ್ನುತ್ತಿದ್ದಳು. ರವಿವಾರ ಹೊಟ್ಟೆನೋವು ಇರುತ್ತಿರಲಿಲ್ಲ. ಒಮ್ಮೆ ಪಾಲಕರ ಸಭೆಯಲ್ಲಿ "ಇವಳು ಎಡಗೈಯಲ್ಲಿ ಬರೆಯುತ್ತಾಳೆ, ಅದಕ್ಕೆ ಸ್ವಲ್ಪ ನಿಧಾನ" ಅಂದೆ. ಟೀಚರ್ "ಹೌದಾ ಮೇಡಂ?" ಅಂದರು. ಅದು ಫೆಬ್ರವರಿ. ಜೂನ್‌ನಿಂದ ಅವಳು ಅವರ ಮುಂದೆಯೇ ಕೂತು ಬರೆಯುತ್ತಿದ್ದಳು. ಆವತ್ತು ರಾತ್ರಿ ನಾನು, ಇವರು ಬಹಳ ಹೊತ್ತು ಮಾತಾಡಿದೆವು.

ಈಗಿನ ಸಾಲಿ ಗೊತ್ತಾಗಿದ್ದು ನಮ್ಮ ಅತ್ತಿಗೆಯಿಂದ, ಅವರ ತವರು ಅದೇ ಊರು. ಸುಮ್ನೆ ನೋಡಿ ಬರೋಣ ಅಂತ ಹೋದೆವು. ಒಳಗೆ ಹೋದಾಗ ಮಕ್ಕಳು ಎದ್ದು ನಿಂತು ರಾಗ ಎಳೆದು ನಮಸ್ತೆ ಹೇಳಲಿಲ್ಲ. ಅವರೆಲ್ಲ ಅವರವರ ಕೆಲಸದಲ್ಲಿದ್ದರು. ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಒಬ್ಬ ಹುಡುಗ ಕಾರ್ಡು ಹಿಡಿದು ತನಗಿಂತ ಸಣ್ಣವಳಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದ. ಗೋಡೆಯ ಕೆಳಗೆ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ, ಕಪ್ಪು ಬಣ್ಣ ಬಳಿದು ಪ್ರತಿಯೊಬ್ಬರಿಗೂ ಬರೆಯಲು ಜಾಗ ಮಾಡಿದ್ದರು. ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ, ಕಾಗದದ ಹಕ್ಕಿ ತೂಗಿಬಿಟ್ಟಿದ್ದರು. ದೊಡ್ಡ ಟೀಚರ್ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಮಗಳಿಗೆ ಏನು ಮಾಡೋದು ಬಹಳ ಸೇರುತ್ತದೆ?" ಅಂತ. ಅಲ್ಲಿಯವರೆಗೆ ಯಾವ ಸ್ಕೂಲಿನವರೂ ಅದನ್ನು ಕೇಳಿರಲಿಲ್ಲ. ಫೀಸ್ ಸ್ಟ್ರಕ್ಚರ್ ಕೊಟ್ಟಿದ್ದರು, ನಿಯಮದ ಹಾಳೆ ಕೊಟ್ಟಿದ್ದರು.

ನಮ್ಮ ಕಾರಣ ಇಷ್ಟೇ. ಆ ಟೀಚರಿಗೆ ಅಲ್ಲಿನ ಪ್ರತಿ ಮಗುವೂ ಗೊತ್ತು. ಯಾರ ಮನೆಯಲ್ಲಿ ಹಸು ಕರು ಹಾಕಿದೆ, ಯಾರ ಅಪ್ಪ ಕೆಲಸಕ್ಕೆ ಅಂತ ಗೋವಾಕ್ಕೆ ಹೋಗಿದ್ದಾರೆ, ಯಾವ ಮಗು ಕಳೆಯುವ ಲೆಕ್ಕದಲ್ಲಿ ದಶಕ ಪಡೆಯುವಲ್ಲಿ ಎಡವುತ್ತದೆ, ಎಲ್ಲ ಗೊತ್ತು. ಇಷ್ಟು ಗೊತ್ತಿರಬೇಕು ಅಂದರೆ ಸಾಲಿ ಸಣ್ಣದಿರಬೇಕು.

ಇದು ಎಲ್ಲಾ ಸರ್ಕಾರಿ ಸಾಲಿಯ ಕಥೆ ಅಂತ ನಾನು ಹೇಳುತ್ತಿಲ್ಲ. ಹಾಕಿದವರು, ಹಾಕಬೇಕೆಂದಿರುವವರು, ಹಾಕಿ ತೆಗೆದವರು, ಎಲ್ಲರೂ ಬರೆಯಿರಿ. ಸಾಲಿಯ ಹೆಸರು, ಟೀಚರ ಹೆಸರು ದಯವಿಟ್ಟು ಹಾಕಬೇಡಿ.

ಗದಗ ಬೆಟಗೇರಿ ಕಾಕಾ

ಅಕ್ಕಾರೆ, ಬರೆದದ್ದು ಚೆನ್ನಾಗಿದೆ. ಆದರೆ ನೇರ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಕೋಣೆ, ಐದು ತರಗತಿ. ಒಬ್ಬ ಟೀಚರ್ ಮೂರು ತರಗತಿ ಒಟ್ಟಿಗೆ ಕೂರಿಸಿಕೊಂಡರೆ ಯಾರಿಗೆ ಕಲಿಸುತ್ತಾರೆ, ಯಾರನ್ನು ಬಿಡುತ್ತಾರೆ? ನಾನು ಮಗ್ಗದ ಮನೆಯವನು. ನಾನು ಕನ್ನಡ ಸಾಲಿಯಲ್ಲೇ ಓದಿದವನು. ಕಾಲೇಜಿಗೆ ಹೋದಾಗ ಇಂಗ್ಲಿಷ್ ಬರದೆ ಹಿಂದಿನ ಬೆಂಚಿನಲ್ಲಿ ಕೂತು ವರ್ಷ ಕಳೆದಿದ್ದೇನೆ. ಆ ಸಂಕಟ ನನ್ನ ಮಕ್ಕಳಿಗೆ ಬೇಡ ಅಂತ ಸಾಲ ಮಾಡಿ ಖಾಸಗಿಗೆ ಹಾಕಿದ್ದೇನೆ. ನಿಮ್ಮಂಥವರಿಗೆ ಮನೆಯಲ್ಲಿ ಕಲಿಸುವವರು ಇದ್ದಾರೆ, ನಾಳೆ ಬೇಡ ಅನಿಸಿದರೆ ತೆಗೆದು ಬೇರೆ ಕಡೆ ಹಾಕುತ್ತೀರಿ. ನಮಗೆ ಒಂದೇ ಅವಕಾಶ.

ನಲಿಕಲಿ ಟೀಚರ್, ಹಾವೇರಿ ಜಿಲ್ಲೆ

ಕಾಕಾ, ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳಬಹುದು. ನಾನು ಅದೇ ಕೆಲಸ ಮಾಡುವವಳು.

ಒಂದು, ಎರಡು, ಮೂರನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಟೀಚರ್ ಇಲ್ಲ ಅನ್ನುವ ಕಾರಣಕ್ಕೆ ಮಾತ್ರ ಅಲ್ಲ. ನಲಿಕಲಿ ಪದ್ಧತಿಯೇ ಹಾಗೆ, ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಯವರು ಹಳ್ಳಿ ಶಾಲೆಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ನಮ್ಮ ಸರ್ಕಾರಿ ಟೀಚರ್‌ಗಳು ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು ಮಾಡಿದರು. 2009-10ರಲ್ಲಿ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳ ಒಂದನೇ, ಎರಡನೇ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ. ಇದನ್ನು ಪರ್ಯಾಯ ಶಿಕ್ಷಣ ಅಂತ ಪಟ್ಟಣದಲ್ಲಿ ಲಕ್ಷ ಕೊಟ್ಟು ಹುಡುಕುತ್ತಾರೆ. ನಮ್ಮ ಹಳ್ಳಿಯಲ್ಲಿ ಅದು ಪುಕ್ಕಟೆ ಇದೆ, ಮಾಡುವ ಟೀಚರ್ ಇದ್ದರೆ.

ಕ್ಲಾಸಿನಲ್ಲಿ ಐದು ತಟ್ಟೆ, ಅಂದರೆ ಮಕ್ಕಳು ಗುಂಪಾಗಿ ಕೂರುವ ಐದು ಜಾಗ ಇರುತ್ತವೆ. ಮೊದಲ ತಟ್ಟೆಯಲ್ಲಿ ಕೂತವರಿಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಹೊಸದನ್ನು ಕಲಿಸುವುದು ಅಲ್ಲೇ. ಎರಡನೆಯದರಲ್ಲಿ ಟೀಚರ ಸಹಾಯ ಸ್ವಲ್ಪ. ಮೂರು, ನಾಲ್ಕರಲ್ಲಿ ಗೆಳೆಯರ ಸಹಾಯ. ಐದನೆಯದರಲ್ಲಿ ಮಗು ತಾನೇ ಮಾಡಬೇಕು. ಪ್ರತಿ ಕಾರ್ಡಿನ ಮೇಲೆ ಚಿಹ್ನೆ, ನಂಬರ್ ಇರುತ್ತದೆ. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ ತನ್ನ ಮುಂದಿನ ಕಾರ್ಡು ಯಾವುದು ಅಂತ ಮಗುವೇ ಹುಡುಕಿ ತರುತ್ತದೆ. ಹಾಗಾಗಿ ಒಂದೇ ಹೊತ್ತಿಗೆ ಎಲ್ಲರಿಗೂ ಕಲಿಸುವ ಪ್ರಸಂಗವೇ ಬರುವುದಿಲ್ಲ. ನಾನು ಆ ಹೊತ್ತಿಗೆ ಏಳೆಂಟು ಮಕ್ಕಳ ಜೊತೆ ಇರುತ್ತೇನೆ, ಉಳಿದವರು ಅವರ ಕೆಲಸದಲ್ಲಿ ಇರುತ್ತಾರೆ.

ಆದರೆ ಒಂದು ಮಾತು ಬಿಚ್ಚಿ ಹೇಳಬೇಕು. ಇದು ಮಕ್ಕಳ ಸಂಖ್ಯೆ ಇಪ್ಪತ್ತು ಇಪ್ಪತ್ತೈದು ಇದ್ದಾಗ ಹಾಡಿನಂತೆ ನಡೆಯುತ್ತದೆ. ನಲವತ್ತು ದಾಟಿದರೆ ತಟ್ಟೆ ತುಂಬಿ ಹೋಗುತ್ತವೆ, ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆ ಅಂತ ನೆನಪಿಡುವುದು ಕಷ್ಟ. ಆಗ ಬಹಳ ಕಡೆ ಕಾರ್ಡು ಪೆಟ್ಟಿಗೆ ಸೇರುತ್ತವೆ, ಬೋರ್ಡ್ ಮೇಲೆ ಬರೆದು ನಕಲು ಮಾಡಿಸುವುದು ಶುರು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಸಾಲಿ ಅನಿಸುತ್ತದೆ. ಮತ್ತೆ ನಾಲ್ಕನೇ ತರಗತಿಗೆ ಬಂದ ಕೂಡಲೇ ಪಠ್ಯಪುಸ್ತಕ, ಬೆಂಚು, ಪಾಠ. ಆ ದಾಟುವಿಕೆಯಲ್ಲಿ ಕೆಲವು ಮಕ್ಕಳು ಮಂಕಾಗುತ್ತಾರೆ. ಅದಕ್ಕೆ ಮೂರನೆಯ ತರಗತಿಯ ಕೊನೆಯ ತಿಂಗಳುಗಳಲ್ಲೇ ಪುಸ್ತಕ ಹಿಡಿಸಿ ರೂಢಿ ಮಾಡಿಸುತ್ತೇನೆ.

ಶಿರಹಟ್ಟಿ ತಾಂಡಾದಿಂದ

ಟೀಚರಮ್ಮ ಹೇಳಿದ ಆ ಕಾರ್ಡಿನಿಂದಲೇ ನನ್ನ ಮಗ ಸಾಲಿಯಲ್ಲಿ ಉಳಿದಿದ್ದಾನೆ. ನಾವು ಹಿಂಗಾರಿ ಬಿತ್ತನೆ ಮುಗಿದ ಮೇಲೆ ಗೋವಾ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತೇವೆ. ಒಂದು ವರ್ಷ ಮಗನನ್ನೂ ಕರೆದುಕೊಂಡು ಹೋಗಬೇಕಾಯಿತು, ಆಯಿಗೆ (ಅಜ್ಜಿಗೆ) ಹುಷಾರಿರಲಿಲ್ಲ, ಬಿಟ್ಟು ಹೋಗಲು ಯಾರೂ ಇರಲಿಲ್ಲ. ತಿರುಗಿ ಬಂದಾಗ ದೊಡ್ಡ ಸಾಲಿಯಾಗಿದ್ದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಇಲ್ಲಿ ಟೀಚರ್ ಅವನು ಬಿಟ್ಟಿದ್ದ ಕಾರ್ಡನ್ನೇ ತೆಗೆದು ಕೊಟ್ಟು, "ಬಾಪ್ಪಾ, ಇಲ್ಲಿಂದ ಶುರು ಮಾಡು" ಅಂದರು. ಯಾರೂ ನಗಲಿಲ್ಲ. ಮರುವರ್ಷ ಅವರೇ ಬಂದು ಆಯಿಯನ್ನು ಒಪ್ಪಿಸಿ ಮಗನನ್ನು ಊರಲ್ಲೇ ಉಳಿಸಿಕೊಂಡರು. ಮಧ್ಯಾಹ್ನ ಊಟ ಸಾಲಿಯಲ್ಲೇ, ಬೆಳಿಗ್ಗೆ ಹಾಲು ಕೊಡುತ್ತಾರೆ, ಮೊಟ್ಟೆಯೂ ಇದೆ. ವಯಸ್ಸಾದ ಆಯಿಗೆ ರಾತ್ರಿ ಅಡುಗೆ ಒಂದೇ ಚಿಂತೆ. ನಿಮಗೆ ಇದು ಸಣ್ಣ ವಿಷಯ ಅನಿಸಬಹುದು. ನಮಗೆ ಮಗ ಓದುವುದು ಇದರ ಮೇಲೆಯೇ ನಿಂತಿದೆ.

ಉಣಕಲ್ ಅಪ್ಪ

ನಾನು ಹಾಕಿ ತೆಗೆದವನು. ಆ ಕಥೆಯೂ ಇಲ್ಲಿ ಬರಬೇಕು.

ಹುಬ್ಬಳ್ಳಿಯಿಂದ ಸ್ವಲ್ಪ ಹೊರಗೆ ಇಂಥದ್ದೇ ಒಂದು ಸಾಲಿ. ಅಲ್ಲಿ ಒಬ್ಬ ಮಾಸ್ತರು ಇದ್ದರು, ಅವರನ್ನು ನೋಡಿಯೇ ಹಾಕಿದ್ದು. ಮಕ್ಕಳನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ ಅಲ್ಲೇ ಅಳತೆ, ಅಲ್ಲೇ ಲೆಕ್ಕ ಮಾಡಿಸುತ್ತಿದ್ದರು. ಮಗನಿಗೆ ಅವರಂದರೆ ಪ್ರಾಣ. ಎರಡನೇ ವರ್ಷ ವರ್ಗಾವಣೆ ಕೌನ್ಸೆಲಿಂಗ್ ಬಂತು, ಅವರು ಹೆಂಡತಿ ಕೆಲಸ ಮಾಡುವ ಜಿಲ್ಲೆಗೆ ಹೋದರು. ಅವರ ತಪ್ಪಿಲ್ಲ, ಎಷ್ಟೋ ವರ್ಷದಿಂದ ಮನೆ ಎರಡು ಕಡೆ ನಡೆಸುತ್ತಿದ್ದರು. ಆದರೆ ಆ ಜಾಗಕ್ಕೆ ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಆಮೇಲೆ ಅತಿಥಿ ಶಿಕ್ಷಕರು. ಅವರು ಪಾಪ ಒಳ್ಳೆಯವರೇ, ಆದರೆ ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಅನ್ನುವುದು ಅವರಿಗೇ ಗೊತ್ತಿಲ್ಲ. ಉಳಿದ ಒಬ್ಬ ಟೀಚರ್ ಬೆಳಿಗ್ಗೆ ಹಾಲು, ಮಧ್ಯಾಹ್ನ ಊಟದ ಲೆಕ್ಕ, ಆನ್‌ಲೈನ್ ಎಂಟ್ರಿ, ತಿಂಗಳಿಗೊಂದು ತರಬೇತಿ. 2025ರ ದಸರೆಯಲ್ಲಿ ಜಾತಿ ಸಮೀಕ್ಷೆಗೆ ಟೀಚರುಗಳನ್ನು ಕಳಿಸಿ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರಲ್ಲ, ಆಗ ಖಾಸಗಿಯ ಮಕ್ಕಳು ಸಾಲಿಗೆ ಹೋಗುತ್ತಿದ್ದರು, ನಮ್ಮ ಮಗ ಅಂಗಳದಲ್ಲಿ ಗೋಲಿ ಆಡುತ್ತಿದ್ದ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಜನಗಣತಿ, ಚುನಾವಣೆ, ವಿಪತ್ತು ಬಿಟ್ಟು ಬೇರೆ ಕೆಲಸಕ್ಕೆ ಟೀಚರುಗಳನ್ನು ಹಚ್ಚಬಾರದು ಅಂತ ಇದೆ. ನಡೆಯುವುದು ಬೇರೆ.

ಆರು ತಿಂಗಳಲ್ಲಿ ಆ ಸಾಲಿ ಮತ್ತೊಂದೇ ಸಾಲಿ ಆಯಿತು. ಅದಕ್ಕೆ ಕೇಳುತ್ತಿದ್ದೇನೆ, ನೀವು ಆರಿಸಿದ್ದು ಸಾಲಿಯನ್ನೋ, ಒಬ್ಬ ಟೀಚರನ್ನೋ?

ಧಾರವಾಡ ಪಾಲಕಿ

ಉಣಕಲ್ ಸರ್, ನಿಮ್ಮ ಪ್ರಶ್ನೆ ನನ್ನನ್ನೂ ಕಾಡಿದೆ. ನಮ್ಮ ಟೀಚರ್ ನಾಳೆ ಹೋದರೆ? ಇದಕ್ಕೆ ನನ್ನ ಹತ್ತಿರ ಇರುವ ಉತ್ತರ, ಆ ಸಾಲಿಯ ಪಾಲಕರು.

ಸೇರಿಸಿದ ವರ್ಷವೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋದೆ. ನಮ್ಮ ರಾಜ್ಯದಲ್ಲಿ 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಈ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು. ಬಹಳ ಕಡೆ ಅದು ಸಹಿ ಹಾಕುವ ಪುಸ್ತಕ ಆಗಿದೆ. ನಮ್ಮಲ್ಲೂ ಹಾಗೇ ಇತ್ತು. ಈಗ ತಿಂಗಳಿಗೊಮ್ಮೆ ನಿಜವಾಗಿ ಕೂರುತ್ತೇವೆ. ಹೆಚ್ಚಿನವರು ಕೂಲಿಗೆ ಹೋಗುವ ತಾಯಂದಿರು, ಅದಕ್ಕೆ ಸಭೆ ಸಂಜೆ ಇಡುತ್ತೇವೆ. ಯಾವ ಮಗು ಬರುತ್ತಿಲ್ಲ, ಅಡುಗೆಯವರಿಗೆ ಸಿಲಿಂಡರ್ ಬಂತಾ, ಶೌಚಾಲಯಕ್ಕೆ ನೀರು ಏರುತ್ತಿದೆಯಾ, ಇವೇ ಮಾತು. ಕಳೆದ ಬಾರಿ ಒಂದು ಹುದ್ದೆ ಖಾಲಿ ಆಗುವ ಸುದ್ದಿ ಬಂದಾಗ ಹತ್ತು ಹನ್ನೆರಡು ತಾಯಂದಿರು ಟೆಂಪೋ ಮಾಡಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದೆವು. ಕೂಗಾಡಲಿಲ್ಲ. ಅರ್ಜಿ ಕೊಟ್ಟೆವು, ಕಾಯ್ದೆಯ ಪಟ್ಟಿ ತೋರಿಸಿದೆವು. ಒಂದರಿಂದ ಐದನೇ ತರಗತಿವರೆಗೆ ಅರವತ್ತು ಮಕ್ಕಳವರೆಗೂ ಇಬ್ಬರು ಟೀಚರ್ ಇರಲೇಬೇಕು ಅಂತ ಅದರಲ್ಲಿದೆ. ಇದು ನಮಗೆ ಯಾರೋ ಮಾಡುವ ಉಪಕಾರ ಅಲ್ಲ, ಹಕ್ಕು. ಅಲ್ಲಿ ಒಬ್ಬ ತಾಯಿ, ಅವರಿಗೆ ಓದು ಬರಹ ಬರುವುದಿಲ್ಲ, ಸಾಹೇಬರ ಮುಂದೆ ನಿಂತು "ನಮ್ಮ ಸಾಲಿಗೆ ಎರಡು ಮಂದಿ ಬೇಕ್ರೀ" ಅಂದರು. ಅವರು "ನಮ್ಮ ಸಾಲಿ" ಅಂದದ್ದಕ್ಕೆ ನಾನು ಅಲ್ಲಿಗೆ ಮಗಳನ್ನು ಕಳಿಸುತ್ತೇನೆ. ಮೊದಲಿನ ಸ್ಕೂಲಿನಲ್ಲಿ ವರ್ಷಕ್ಕೆ ಅಷ್ಟು ದುಡ್ಡು ಕಟ್ಟಿದರೂ ಗೇಟಿನ ಒಳಗೆ ಹೋಗಲು ಅಪಾಯಿಂಟ್‌ಮೆಂಟ್ ಬೇಕಿತ್ತು.

ಹಾಗಂತ ಟೀಚರ್ ಮುಖ್ಯ ಅಲ್ಲ ಅಂತಲ್ಲ. ಒಳ್ಳೆಯ ಟೀಚರ್ ಇಲ್ಲದ ಸಣ್ಣ ಸಾಲಿ ಬರೀ ಖಾಲಿ ಕೋಣೆ. ಅವರು ಹೋದರೆ ನಮಗೆ ಪೆಟ್ಟು ಬೀಳುತ್ತದೆ. ಆದರೆ ಹೊಸದಾಗಿ ಬಂದವರು ಏನೂ ಇಲ್ಲದ ಕಡೆ ಬರುವುದಿಲ್ಲ, ಕಾಯುತ್ತಿರುವ ಪಾಲಕರ ನಡುವೆ ಬರುತ್ತಾರೆ.

ಕಾಕಾ, ನಿಮ್ಮ ಮಾತಿಗೂ ಬರುತ್ತೇನೆ. ನನಗೆ ತೆಗೆದು ಬೇರೆ ಕಡೆ ಹಾಕುವ ಅನುಕೂಲ ಇದೆ ಅನ್ನುವುದು ನಿಜ. ಅದಕ್ಕೇ ನಾನು ಅಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲಬೇಕು ಅನಿಸುತ್ತದೆ. ಅರ್ಜಿ ಬರೆಯಬಲ್ಲವರು, ಆಫೀಸಿಗೆ ಫೋನ್ ಮಾಡಿ ಕೇಳಬಲ್ಲವರು ಎಲ್ಲರೂ ಖಾಸಗಿಗೆ ಹೋದರೆ ಉಳಿದ ತಾಯಂದಿರು ಒಬ್ಬರೇ ಆಗುತ್ತಾರೆ.

ಇಂಗ್ಲಿಷ್ ಬಗ್ಗೆ. 2007-08ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೂ ಶುರು ಮಾಡಿದರು. ನಮ್ಮ ಸಾಲಿಯಲ್ಲಿ ಅದಿಲ್ಲ, ಕನ್ನಡವೇ. ಮಗಳ ಇಂಗ್ಲಿಷ್ ಅವಳ ಹಳೆಯ ಗೆಳತಿಯರಿಗಿಂತ ಕಡಿಮೆ ಇದೆ, ಮುಚ್ಚಿಡುವುದಿಲ್ಲ. ಆದರೆ ಅವಳು ಕನ್ನಡದಲ್ಲಿ ಓದಿದ್ದನ್ನು ಅರ್ಥ ಮಾಡಿಕೊಂಡು ತಿರುಗಿ ಪ್ರಶ್ನೆ ಕೇಳುತ್ತಾಳೆ. "ಅಮ್ಮಾ, ಮಳೆ ನೀರು ಕೆಲಗೇರಿ ಕೆರೆಗೆ ಹೇಗೆ ಗೊತ್ತು ಮಾಡಿಕೊಂಡು ಹೋಗುತ್ತದೆ?" ಅಂತಾಳೆ. ಮೊದಲು ಪ್ರಶ್ನೆಯೇ ಇರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಳು. ಇಂಗ್ಲಿಷನ್ನು ಆಮೇಲೂ ಕಲಿಯಬಹುದು, ಅದಕ್ಕೆ ದಾರಿಗಳಿವೆ. ಕೇಳುವ ಧೈರ್ಯ ಆರೇಳು ವರ್ಷಕ್ಕೇ ಹೋಗಿಬಿಟ್ಟರೆ ತಿರುಗಿ ತರುವುದು ಕಷ್ಟ.

ರಾಣೆಬೆನ್ನೂರು ತಾಯಿ

ನನ್ನ ಮಗನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಮಷೀನ್ ಹಾಕುತ್ತಾನೆ. ಮೂರು ಖಾಸಗಿ ಕಡೆ ಕೇಳಿದೆವು. ಯಾರೂ ಬಾಯಿಬಿಟ್ಟು ಇಲ್ಲ ಅನ್ನಲಿಲ್ಲ. ಒಬ್ಬರು ಸೀಟು ತುಂಬಿದೆ ಅಂದರು, ಒಬ್ಬರು "ಅವನಿಗೇ ಕಷ್ಟ ಆಗುತ್ತದೆ ಮೇಡಂ" ಅಂದರು. ಗದ್ದಲದ ಕ್ಲಾಸಿನಲ್ಲಿ ಮಷೀನ್ ಎಲ್ಲಾ ಸದ್ದನ್ನೂ ಒಟ್ಟಿಗೆ ಎತ್ತುತ್ತದೆ, ಟೀಚರ ದನಿ ಯಾವುದು ಅಂತಲೇ ಅವನಿಗೆ ಗೊತ್ತಾಗುವುದಿಲ್ಲ. ಸಣ್ಣ ಸಾಲಿಗೆ ಬಂದ ಮೇಲೆ ಅದೊಂದು ದೊಡ್ಡ ಕಷ್ಟ ತಪ್ಪಿತು. ಟೀಚರ್ ಅವನ ಎದುರಿಗೇ ಕೂತು ಮುಖ ನೋಡಿ ಮಾತಾಡುತ್ತಾರೆ. ಇಲಾಖೆಯ ಬಿಐಇಆರ್‌ಟಿ ಮೇಡಂ, ಅಂದರೆ ಇಂಥ ಮಕ್ಕಳಿಗಾಗಿಯೇ ತಾಲೂಕಿಗೆ ಇರುವ ವಿಶೇಷ ಟೀಚರ್, ಆಗಾಗ ಬಂದು ಟೀಚರಿಗೂ ಹೇಳಿಕೊಡುತ್ತಾರೆ, ನನಗೂ ಹೇಳಿಕೊಡುತ್ತಾರೆ. ಅವರು ವಾರಕ್ಕೊಮ್ಮೆ ಬರಬೇಕು ಅಂತ ನನ್ನ ಆಸೆ, ಅವರಿಗೆ ಇಡೀ ತಾಲೂಕು ಇದೆ. ಉಳಿದ ಮಕ್ಕಳು ಈಗ ಅವನ ಹೆಗಲು ಮುಟ್ಟಿ ಆಮೇಲೆ ಮಾತಾಡುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ, ದಿನಾ ಜೊತೆಗಿದ್ದು ಕಲಿತದ್ದು.

ಕುಂದಗೋಳ ಹುಡುಗ

ಸಣ್ಣ ಸಾಲಿಯಲ್ಲಿ ಓದಿದವನ ಮಾತೂ ಇರಲಿ. ಐದರವರೆಗೆ ಹಳ್ಳಿ ಸಾಲಿ, ಆಮೇಲೆ ಪಕ್ಕದ ಊರಿನ ಹಿರಿಯ ಪ್ರಾಥಮಿಕ, ಹೈಸ್ಕೂಲ್ ಕನ್ನಡದಲ್ಲೇ. ಈಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಮೊದಲ ಸೆಮಿಸ್ಟರ್ ಇಂಗ್ಲಿಷಿನಿಂದ ಬಹಳ ತ್ರಾಸಾಯಿತು, ಕಾಕಾ ಹೇಳಿದ ಆ ಹಿಂದಿನ ಬೆಂಚು ನನಗೂ ಗೊತ್ತು. ಆದರೆ ಗಣಿತ ಬಿಗಿಯಾಗಿತ್ತು, ಅದು ಎತ್ತಿ ಹಿಡಿಯಿತು.

ಪಾಲಕರು ಕೇಳದ ಒಂದು ವಿಷಯ ಹೇಳುತ್ತೇನೆ. ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರುವ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ, ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ರಾಜ್ಯದ ಸರ್ಕಾರಿ ಕೆಲಸದಲ್ಲೂ ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಆದರೆ ಹತ್ತು ವರ್ಷವೂ ಪೂರ್ತಿ ಆಗಿರಬೇಕು, ನಡುವೆ ಬದಲಾಯಿಸಿದರೆ ಹೋಯಿತು. ಹುಬ್ಬಳ್ಳಿ-ಧಾರವಾಡದವರು ಇನ್ನೊಂದು ನೋಡಿಕೊಳ್ಳಿ. ಪಾಲಿಕೆ ಹದ್ದಿನೊಳಗೆ ಬಂದ ಹಳ್ಳಿ ನೋಡಲು ಹಳ್ಳಿಯಾದರೂ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ನೋಡಿಯೇ ಸಾಲಿ ಆರಿಸಿ ಅಂತಲ್ಲ, ಆದರೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಐದನೇ ತರಗತಿಯಲ್ಲಿ ಇದ್ದಾಗಲೇ ನವೋದಯ, ಮೊರಾರ್ಜಿ ದೇಸಾಯಿ, ಆದರ್ಶ ಶಾಲೆಗಳ ಆರನೇ ತರಗತಿ ಪ್ರವೇಶ ಪರೀಕ್ಷೆಗೂ ಅರ್ಜಿ ಹಾಕಿಸಿ. ನಮ್ಮ ಮಾಸ್ತರು ಸಂಜೆ ಉಳಿದು ತಯಾರಿ ಮಾಡಿಸುತ್ತಿದ್ದರು.

ನಿವೃತ್ತ ಮಾಸ್ತರು, ಮಾಳಮಡ್ಡಿ

ಎಲ್ಲರ ಮಾತು ಓದಿದೆ. ನನ್ನ ಸೇವೆಯೆಲ್ಲ ನವಲಗುಂದ, ಕಲಘಟಗಿ ಕಡೆಯ ಸಣ್ಣ ಸಾಲಿಗಳಲ್ಲಿ ಕಳೆಯಿತು.

ಧಾರವಾಡಕ್ಕೆ ಇದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಠಿಯ ಜಾಗದಲ್ಲಿ ಕನ್ನಡ ಸಾಲಿಗಳು ಏಳಬೇಕು ಅಂತ ಡೆಪ್ಯೂಟಿ ಚನ್ನಬಸಪ್ಪನವರು ದುಡಿದದ್ದು ಇದೇ ಊರಿನಲ್ಲಿ. ಇಲ್ಲಿನ ಟ್ರೇನಿಂಗ್ ಕಾಲೇಜಿನಲ್ಲಿ ತಯಾರಾದ ಮಾಸ್ತರುಗಳು ಸುತ್ತಲಿನ ಹಳ್ಳಿಗಳಿಗೆ ಹೋದರು. ಆಗಿನ ಸಾಲಿಗಳೂ ಒಂದು ಕೋಣೆ, ಒಬ್ಬ ಮಾಸ್ತರು. ಈಗಲೂ ಧಾರವಾಡದ ಬಾಲಬಳಗದಂಥ ಪರ್ಯಾಯ ಶಾಲೆ ಕನ್ನಡದಲ್ಲೇ ನಡೆಯುತ್ತಿದೆ, ಜನ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿಗೆ ಹೋಗುವ ಶಕ್ತಿ, ಮಾಹಿತಿ ಎಲ್ಲರಿಗೂ ಇರುವುದಿಲ್ಲ. ಅಂಥ ಕಲಿಕೆ ಹಳ್ಳಿಯ ಸರ್ಕಾರಿ ಸಾಲಿಯಲ್ಲೇ ಸಿಕ್ಕರೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವುದು. ಬಿಸಿಯೂಟ ಶುರುವಾದ ಹೊಸದರಲ್ಲಿ ಮಕ್ಕಳು ಓಣಿ ಓಣಿಯಾಗಿ ಕೂರುವುದನ್ನು ನಾನು ಕಂಡಿದ್ದೇನೆ. ಡಬ್ಬಿ ಕಟ್ಟಿ ಕಳಿಸಿ "ಅಲ್ಲಿ ಉಣ್ಣಬೇಡ" ಅಂದ ಮನೆಗಳೂ ಇದ್ದವು. ನಾನು ಮಕ್ಕಳ ನಡುವೆ ಕೂತು ಉಣ್ಣಲು ಶುರು ಮಾಡಿದೆ, ದಿನಾ ಬೇರೆ ಬೇರೆ ಮಗುವಿನ ಪಕ್ಕ. ವರ್ಷ ಹಿಡಿಯಿತು. ಆಮೇಲೆ ಸಾಲು ತಾನೇ ಕಲಸಿಹೋಯಿತು. ಊರ ಶ್ರೀಮಂತರ ಮಗು, ಕೂಲಿಯವರ ಮಗು ಒಂದೇ ಸಾಲಿನಲ್ಲಿ ಕೂತು ಒಂದೇ ಸಾರು ಉಂಡು ಬೆಳೆಯುವ ಜಾಗ ಊರಲ್ಲಿ ಇನ್ನೆಲ್ಲಿದೆ ಹೇಳಿ? ಸ್ವಲ್ಪ ಅನುಕೂಲ ಇರುವವರೆಲ್ಲ ವ್ಯಾನ್ ಹತ್ತಿಸಿ ಮಕ್ಕಳನ್ನು ಪಟ್ಟಣಕ್ಕೆ ಕಳಿಸಿದ ಮೇಲೆ ಸರ್ಕಾರಿ ಸಾಲಿಯ ಊಟದ ಪಂಕ್ತಿಯಲ್ಲೂ ಒಂದೇ ಓಣಿಯ ಮಕ್ಕಳು ಉಳಿದರು. ಧಾರವಾಡ ಪಾಲಕಿಯಂಥವರು ತಿರುಗಿ ಬರುತ್ತಿರುವುದು ನನಗೆ ಅದಕ್ಕೇ ಸಂತೋಷ ಕೊಟ್ಟಿದೆ.

ಭಯವೂ ಇದೆ. ಮಕ್ಕಳು ಕಡಿಮೆ ಅಂತ ಸಣ್ಣ ಸಾಲಿಗಳನ್ನು ದೊಡ್ಡದರ ಜೊತೆ ವಿಲೀನ ಮಾಡುವ ಮಾತು ಆಗಾಗ ಏಳುತ್ತದೆ. ಕರ್ನಾಟಕ ಪಬ್ಲಿಕ್ ಶಾಲೆಗಳು 2018-19ರಿಂದ ಬಂದಿವೆ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ. ಕಟ್ಟಡ, ಲ್ಯಾಬು, ವಿಷಯಕ್ಕೊಬ್ಬ ಟೀಚರ್ ಎಲ್ಲ ಬೇಕು, ನಾನು ವಿರೋಧಿ ಅಲ್ಲ. ಹೈಸ್ಕೂಲ್ ಮಕ್ಕಳು ಹೋಗಲಿ. ಆರು ವರ್ಷದ ಕೂಸು ನಾಲ್ಕು ಕಿಲೋಮೀಟರ್ ದೂರ ಹೋಗುವುದು ಬೇರೆ ಮಾತು. ನಮ್ಮ ರಾಜ್ಯದ ನಿಯಮದಲ್ಲೇ ಒಂದರಿಂದ ಐದರವರೆಗೆ ಒಂದು ಕಿಲೋಮೀಟರ್ ಒಳಗೆ ಸಾಲಿ ಇರಬೇಕು ಅಂತ ಇದೆ. ದೂರ ಆದರೆ ಮೊದಲು ಬಿಡುವುದು ಹೆಣ್ಣುಮಕ್ಕಳು, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗದಗ ಬೆಟಗೇರಿ ಕಾಕಾ

ಮಾಸ್ತರೇ, ಊಟದ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದೊಡ್ಡ ಮಗನನ್ನು ಈಗ ತೆಗೆಯುವುದಿಲ್ಲ, ಅವನು ಏಳನೆಯದು. ಸಣ್ಣವಳು ಈ ವರ್ಷ ಒಂದನೆಯದಕ್ಕೆ. ನಮ್ಮ ಮನೆಗೆ ಹತ್ತಿರ ಒಂದು ಸಣ್ಣ ಸರ್ಕಾರಿ ಸಾಲಿ ಇದೆ. ಹೋಗಿ ನೋಡುತ್ತೇನೆ. ಏನು ನೋಡಬೇಕು ಅಂತ ಯಾರಾದರೂ ಹೇಳಿ. ಹಾಕುತ್ತೇನೆ ಅಂತ ಮಾತು ಕೊಡುವುದಿಲ್ಲ. ಯುಕೆಜಿ ಫೀಸು ಸ್ವಲ್ಪ ಬಾಕಿ ಇದೆ, ಟಿಸಿ ಕೊಡುವುದಿಲ್ಲ ಅಂದರೆ ಏನು ಮಾಡುವುದು?

ಧಾರವಾಡ ಪಾಲಕಿ

ಕಾಕಾ, ಮಾತು ಬೇಡ, ನೋಡಿ ಬನ್ನಿ ಸಾಕು.

ಟಿಸಿ ಬಗ್ಗೆ ಮೊದಲು. ಒಂದನೇ ತರಗತಿಗೆ ಹೊಸದಾಗಿ ಸೇರಿಸಲು ಯುಕೆಜಿಯ ಟಿಸಿ ಬೇಕಿಲ್ಲ. ಜನನ ಪ್ರಮಾಣಪತ್ರ, ಆಧಾರ್ ಇದ್ದರೆ ತೆಗೆದುಕೊಂಡು ಹೋಗಿ, ಇಲ್ಲದಿದ್ದರೂ ವಯಸ್ಸಿನ ದಾಖಲೆ ಇಲ್ಲ ಅಂತ ಸಾಲಿಯವರು ತಿರುಗಿ ಕಳಿಸುವ ಹಾಗಿಲ್ಲ. ದೊಡ್ಡ ಮಕ್ಕಳನ್ನು ಸರ್ಕಾರಿಗೆ ಬದಲಾಯಿಸುವಾಗಲೂ ಟಿಸಿ ತಡ ಆಯಿತು ಅಂತ ಪ್ರವೇಶ ನಿಲ್ಲಿಸುವಂತಿಲ್ಲ, ಕಾಯ್ದೆಯಲ್ಲೇ ಇದೆ. ವಯಸ್ಸು ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವುದು ನಿಯಮ. 2025-26ಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಮಗಳಿಗೆ ತಿಂಗಳು ಕಡಿಮೆ ಬೀಳುತ್ತಿದ್ದರೆ ಈ ವರ್ಷದ ಆದೇಶ ಏನಿದೆ ಅಂತ ಮುಖ್ಯ ಶಿಕ್ಷಕರನ್ನು ಕೇಳಿಕೊಳ್ಳಿ.

ನೋಡಲು ಹೋಗುವಾಗ ಹೇಳದೆ ಹೋಗಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಸಾಲಿ ನಡೆಯುತ್ತಿರುವ ದಿನ. ಬಣ್ಣ, ಕಟ್ಟಡ ಆಮೇಲೆ. ಮೊದಲು ಕಾರ್ಡುಗಳು ಎಲ್ಲಿವೆ ನೋಡಿ. ಮಕ್ಕಳ ಕೈಯಲ್ಲಿದ್ದು ಅಂಚು ಸವೆದಿದ್ದರೆ ಒಳ್ಳೆಯದು, ಹೊಸದರಂತೆ ಕಪಾಟಿನಲ್ಲಿದ್ದರೆ ಯಾಕೆ ಅಂತ ಕೇಳಿ. ಟೀಚರ್ ಹತ್ತಿರ ಒಂದು ಮಗುವಿನ ಬಗ್ಗೆ ಕೇಳಿ, ಯಾವ ಮಗುವಾದರೂ ಸರಿ, ಅವರು ಎಷ್ಟು ಹೇಳುತ್ತಾರೆ ನೋಡಿ. ಊಟದ ಹೊತ್ತಿಗೆ ಸ್ವಲ್ಪ ನಿಲ್ಲಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದ್ದಾರಾ, ನೀರು ಇದೆಯಾ ನೋಡಲೇಬೇಕು. ಎಸ್‌ಡಿಎಂಸಿ ಅಧ್ಯಕ್ಷರು ಯಾರು ಅಂತ ಕೇಳಿ ಅವರ ಮನೆಗೂ ಹೋಗಿ, ಕೊನೆಯ ಸಭೆ ಯಾವಾಗ ಆಯಿತು ಕೇಳಿ. ಏನೂ ಸರಿ ಇಲ್ಲದಿದ್ದರೆ ಹಾಕಬೇಡಿ, ಆದರ್ಶಕ್ಕೆ ಅಂತ ಮಗುವನ್ನು ಕಳಿಸಬಾರದು. ಅರ್ಧ ಸರಿ ಇದ್ದು ಟೀಚರಿಗೆ ಮಕ್ಕಳ ಮೇಲೆ ಪ್ರೀತಿ ಇದ್ದರೆ, ಉಳಿದ ಅರ್ಧಕ್ಕೆ ನಾವು ಪಾಲಕರು ಕೈಹಚ್ಚಬಹುದು.

ಗದಗಿನಲ್ಲಿ ಇಂಥ ಸಾಲಿಗೆ ಹಾಕಿರುವ ಪಾಲಕರು ಯಾರಾದರೂ ಇದ್ದರೆ ಕಾಕಾ ಅವರ ಜೊತೆ ಒಮ್ಮೆ ಹೋಗಿ ಬನ್ನಿ. ಇಬ್ಬರು ನೋಡಿದರೆ ಜಾಸ್ತಿ ಕಾಣುತ್ತದೆ.

ನಲಿಕಲಿ ಟೀಚರ್, ಹಾವೇರಿ ಜಿಲ್ಲೆ

ಕಾಕಾ, ಗದಗಿನಲ್ಲಿ ನನ್ನ ತಂಗಿ ಇದ್ದಾಳೆ, ಅವಳೂ ಟೀಚರ್. ಬೇರೆ ಸಾಲಿ, ಆದರೆ ರಜೆ ಶುರುವಾಗುವ ಮೊದಲು ನಿಮ್ಮ ಜೊತೆ ಬಂದು ನೋಡುತ್ತಾಳೆ, ಕೇಳಿದ್ದೇನೆ, ಒಪ್ಪಿದ್ದಾಳೆ. ನನಗೆ ಖಾಸಗಿ ಮೆಸೇಜ್ ಹಾಕಿ, ಮಗಳನ್ನೂ ಕರೆದುಕೊಂಡು ಹೋಗಿ.